ಹಲಗೆ ಗೋಡೆಯ ಈಚೆ

ಎದ್ದು ಹೋಗಿಬಿಡಲೇ? ಈಗಲೇ, ಅಣ್ಣನ ಸರದಿ ಬರುವ ಮೊದಲೇ? ಹೋದರೆ ಕಷ್ಟದ ಹೊತ್ತಿನಲ್ಲಿ ಬೆನ್ನು ತೋರಿಸಿದ ಹಾಗೆ, ಕೂತರೆ ಕದ್ದು ಕೇಳಿದ ಹಾಗೆ. ಏಳುವುದಕ್ಕೆ ನೆಪಗಳೇನೋ ಇದ್ದವು. ಬೆಳಗಿನಿಂದ ಒಂದು ಲೋಟ ಟೀ ಕೂಡ ಗಂಟಲಿಗೆ ಇಳಿದಿರಲಿಲ್ಲ. ಮೇಲಿನ ಮಹಡಿಯಲ್ಲಿ ಸಾಹೇಬರು ಯಾವುದೋ ಕಡತ ಕೇಳಿದ್ದರು. ನೆಪಗಳಿಗೆ ಬರವಿರಲಿಲ್ಲ, ಮೈಗೆ ಮಾತ್ರ ಏಳುವ ಮನಸ್ಸಿರಲಿಲ್ಲ. ಕುರ್ಚಿ ಅಲುಗಿದರೆ ಕಿರುಗುಟ್ಟುತ್ತದೆಂದು ಅವನು ತೊಡೆಯ ಮೇಲೆ ಎರಡೂ ಕೈ ಊರಿ ಕೊರಡಿನ ಹಾಗೆ ಕೂತಿದ್ದ. ಕಂಪ್ಯೂಟರಿನ ಪರದೆ ಆರಿಸಿದ್ದ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದ. ತಾನು ಕೆಲಸ ಮಾಡುವ ಕೋಣೆಯಲ್ಲೇ ಕಳ್ಳನಂತೆ ಕೂರುವ ಕಾಲ ಬಂತಲ್ಲ ಎಂದು ಒಮ್ಮೆ ನಗು ಕೂಡ ಬಂತು. ನಗುವಷ್ಟು ತ್ರಾಣ ಇರಲಿಲ್ಲ.

ಅದು ಕೇಂದ್ರ ಸರ್ಕಾರದ ಸೇವಾ ಕಚೇರಿ. ಉದ್ದನೆಯ ಹಾಲ್. ಎಡಕ್ಕೆ ಉದ್ಯೋಗ ವಿಭಾಗ, ಬಲಕ್ಕೆ ಆರೋಗ್ಯ ವಿಭಾಗ, ನಡುವೆ ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳು. ದುಡಿಯಲು ಆಗುವವರು ಎಡಕ್ಕೆ ಹೋಗಬೇಕು. ಅವರಿಗೊಂದು ಕೆಲಸ ಹುಡುಕಿ ಕೊಡುತ್ತಾರೆ, ಆ ಮೇಲೆ ಅವರ ಔಷಧ ಆಸ್ಪತ್ರೆಗಳ ಹೊಣೆ ಕೆಲಸ ಕೊಟ್ಟವರದು. ದುಡಿಯಲು ಆಗದವರು ಬಲಕ್ಕೆ ಬರಬೇಕು. ಅವರು ನಿಜಕ್ಕೂ ಆಗದವರೇ ಎಂದು ತೀರ್ಮಾನವಾದರೆ ಸರ್ಕಾರ ಒಂದು ಕಾರ್ಡ್ ಕೊಡುತ್ತದೆ. ಆ ಕಾರ್ಡ್ ಇದ್ದರೆ ಆಸ್ಪತ್ರೆಯೂ ಉಂಟು, ಔಷಧವೂ ಉಂಟು, ಬೇಕಾದವರ ಮನೆಗೆ ಆಮ್ಲಜನಕದ ಯಂತ್ರವೂ ಬರುತ್ತದೆ. ಎಷ್ಟೋ ಜನ ತಾವು ಎಡದವರೋ ಬಲದವರೋ ಗೊತ್ತಾಗದೆ ನಡುವಿನ ಕುರ್ಚಿಗಳಲ್ಲೇ ಅರ್ಧ ದಿನ ಸವೆಸುತ್ತಿದ್ದರು.

ಅಣ್ಣನಿಗೆ ಆ ಯಂತ್ರ ಬೇಕಾಗಿತ್ತು. ಅವನದು ನೆಲಕ್ಕೆ ಕಲ್ಲು ಹಾಸುವ ಕಸುಬು. ಮೀಸೆ ಮೂಡುವ ವಯಸ್ಸಿನಿಂದ ಕಲ್ಲು ಕೊಯ್ದು, ಉಜ್ಜಿ, ಹೊಳಪು ಕೊಟ್ಟು, ಊರಿನ ಅರ್ಧ ಕಟ್ಟಡಗಳ ನೆಲ ಅವನ ಮೊಣಕಾಲ ಕೆಳಗೆ ಹಾದು ಹೋಗಿತ್ತು. ಕೊಯ್ದ ಕಲ್ಲಿನ ದೂಳು ಸುಮ್ಮನೆ ಗಾಳಿಗೆ ಹೋಗಿರಲಿಲ್ಲ, ಒಂದು ಪಾಲು ಅವನ ಶ್ವಾಸಕೋಶ ಸೇರಿತ್ತು. ಗುತ್ತಿಗೆದಾರ ‘ಸ್ವಲ್ಪ ದಿನ ಸುಧಾರಿಸ್ಕೊಂಡು ಬಾ’ ಎಂದು ಮನೆಗೆ ಕಳಿಸಿದ ಮೇಲೆ ಮತ್ತೆ ಕರೆಯಲೇ ಇಲ್ಲ.

ಕಾರ್ಡ್ ಸಿಗುವುದಕ್ಕೆ ವೈದ್ಯರ ವರದಿ ಒಂದೇ ಸಾಲದು. ಅದಕ್ಕೆ ಅರ್ಧ ತೂಕ. ಇನ್ನರ್ಧ ಸಂದರ್ಶನಕ್ಕೆ. ಹಲಗೆ ಗೋಡೆಯ ಒಂದು ಪುಟ್ಟ ಕೋಣೆಯಲ್ಲಿ ಅಧಿಕಾರಿಯೊಬ್ಬರ ಎದುರು ಕೂತು, ದಿನ ಹೇಗೆ ಕಳೆಯುತ್ತದೆಂದು ಅರ್ಜಿದಾರ ತನ್ನ ಬಾಯಾರೆ ಹೇಳಬೇಕು. ಅಂಥ ಅಧಿಕಾರಿಗಳಲ್ಲಿ ಈ ತಮ್ಮನೂ ಒಬ್ಬ, ಎಲ್ಲರಿಗಿಂತ ಹಳಬ. ಹೊಸದಾಗಿ ಬಂದವರಿಗೆ ಕೆಲಸ ಕಲಿಸುವುದು ಅವನ ಪಾಲಿಗೆ ಬಿದ್ದಿದ್ದರಿಂದ ಕಚೇರಿಯಲ್ಲಿ ಎಲ್ಲರೂ ಅವನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು.

ಅವನು ಕಲಿಸುತ್ತಿದ್ದ ಮೊದಲ ಪಾಠವೇ ಇದು: ಮನೆಯವರನ್ನು ಹೊರಗೆ ಕಳಿಸಿ. ಹೆಂಡತಿ ಇರಲಿ, ಮಗ ಇರಲಿ, ಅಣ್ಣತಮ್ಮ ಇರಲಿ, ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿ, ಆಮೇಲೆ ಬಾಯಿ ಬಿಡಿ. ಯಾಕೆಂದರೆ ತನ್ನವರ ಎದುರು ಯಾವನೂ ತಾನು ಸೋತೆ ಎನ್ನುವುದಿಲ್ಲ. ಒಮ್ಮೆ ಒಬ್ಬ ಬಸ್ ಡ್ರೈವರು ಹೆಂಡತಿ ಪಕ್ಕದಲ್ಲಿ ಇರುವಷ್ಟು ಹೊತ್ತು ‘ಎಲ್ಲಾ ಆರಾಮ’ ಎಂದು ಹೇಳುತ್ತಲೇ ಇದ್ದ. ಆಕೆ ಆಚೆ ಹೋಗಿ ಬಾಗಿಲು ಮುಚ್ಚಿದ್ದೇ ತಡ, ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗುವುದಿಲ್ಲವೆಂದೂ, ಗುಂಡಿಗಳನ್ನು ಮೊದಲೇ ಹಾಕಿಟ್ಟು ಅಂಗಿಯನ್ನು ತಲೆಯ ಮೇಲಿಂದ ತೊಡುತ್ತೇನೆಂದೂ ಹೇಳಿ ಮುಖ ಮುಚ್ಚಿಕೊಂಡ. ಎರಡನೆಯ ಪಾಠವೂ ಒಂದಿತ್ತು. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಮೌನವನ್ನು ಅವಸರ ಮಾಡಬೇಡಿ, ಅದರ ಹಿಂದೆಯೇ ನಿಜ ಬರುತ್ತಿರುತ್ತದೆ.

ಇಷ್ಟೆಲ್ಲ ಕಲಿಸಿದವನು ಇಂದು ತಾನೇ ಪಕ್ಕದ ಕೋಣೆಯಲ್ಲಿ, ಹಲಗೆ ಗೋಡೆಯ ಈಚೆ ಕಿವಿಯಾಗಿ ಕೂತಿದ್ದ.

ನಿಯಮದ ಪ್ರಕಾರ ರಕ್ತಸಂಬಂಧಿಯ ಸಂದರ್ಶನದ ಹೊತ್ತಿಗೆ ಅಧಿಕಾರಿ ಆ ವಿಭಾಗದಲ್ಲೇ ಇರಕೂಡದು. ಅವನು ಅದನ್ನು ಸಾಹೇಬರಿಗೂ ಹೇಳಿದ್ದ, ಅಣ್ಣನಿಗೂ ಹೇಳಿದ್ದ. “ಅವತ್ತು ನಾನು ಇರಲ್ಲ ಅಣ್ಣ, ಬೇರೆ ಕಡೆ ಕೆಲಸ ಇದೆ.” ಅಣ್ಣನ ಮುಖ ಸಡಿಲವಾದದ್ದನ್ನು ಆಗ ಗಮನಿಸಿದ್ದ. “ಒಳ್ಳೇದೇ ಆಯ್ತು ಬಿಡು,” ಎಂದಿದ್ದ ಅಣ್ಣ.

ಮತ್ತೆ ಯಾಕೆ ಬಂದು ಕೂತ? ಅಣ್ಣ ಎಲ್ಲಿ ‘ಚೆನ್ನಾಗಿದ್ದೀನಿ’ ಎಂದುಬಿಡುತ್ತಾನೋ ಎಂಬ ಭಯ ಇತ್ತು, ನಿಜ. ಅದಕ್ಕಿಂತ ಒಳಗಿನ ಕಾರಣ ಬೇರೆ. ಅಣ್ಣನಿಗೆ ಎಷ್ಟು ಕಾಯಿಲೆ ಎಂದು ಅವನಿಗೆ ಗೊತ್ತಿರಲಿಲ್ಲ. ಊರಿನವರ ಎದೆನೋವು ಕೀಲುನೋವುಗಳನ್ನೆಲ್ಲ ಕೇಳಿ ಕೇಳಿ ಬರೆದುಕೊಂಡವನಿಗೆ ಒಡಹುಟ್ಟಿದವನ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯದು. ಅಪ್ಪ ಹೋದಾಗಿನಿಂದ ಅಣ್ಣನೇ ಅಪ್ಪ. ಕೈ ಕೊಯ್ದುಕೊಂಡು ಬಂದ ದಿನವೂ ಊಟಕ್ಕೆ ಕೂತಾಗ ಆ ಕೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟು, ಎಡಗೈಯಲ್ಲಿ ಉಣ್ಣುತ್ತಾ, “ಇವತ್ತು ಈ ಕೈಗೂ ಸ್ವಲ್ಪ ಕೆಲಸ ಕಲಿಸ್ತಾ ಇದೀನಿ ಕಣೋ,” ಎಂದವನು. ಕೇಳಿದರೆ ಹೇಳುವವನಲ್ಲ. ಕದ್ದಾದರೂ ಕೇಳಬೇಕು ಅನ್ನಿಸಿತ್ತು.

ಆಚೆ ಬಾಗಿಲು ತೆರೆದ ಸದ್ದಾಯಿತು.

“ಬನ್ನಿ, ಕೂತ್ಕೊಳ್ಳಿ,” ಎಂದಿತು ಸಣ್ಣ ಮೇಡಂ ದನಿ. ವಯಸ್ಸಿಗೂ ಎತ್ತರಕ್ಕೂ ಸೇರಿ ಬಂದ ಹೆಸರು ಅದು. ಅವನ ಕೈಕೆಳಗೆ ಪಳಗಿದ ಹುಡುಗಿ. “ಮನೆಯವರು ಸ್ವಲ್ಪ ಹೊರಗಡೆ ಇರಲಿ.”

“ನಾನು ಇದ್ರೇ ವಾಸಿ ಅಲ್ವಾ ಮೇಡಂ?” ಅತ್ತಿಗೆಯ ದನಿ. “ಇವರ ಬಾಯಿಂದ ‘ಆಗಲ್ಲ’ ಅನ್ನೋ ಮಾತು ಹೊರಡಿಸೋಕೆ ಇಕ್ಕಳ ಬೇಕಾಗುತ್ತೆ.”

“ಹೇಳ್ತಾರೆ ಬಿಡಿ.”

“ನಿಮ್ಮ ಕೈಗುಣ ನೋಡೋಣ. ಮದುವೆ ಆದಾಗಿನಿಂದ ನಾನೂ ಕಾಯ್ತಾ ಇದೀನಿ.”

ಬಾಗಿಲು ಮುಚ್ಚಿತು. ಕುರ್ಚಿ ಎಳೆದ ಸದ್ದು. ಆಮೇಲೆ ಅಣ್ಣನ ಉಸಿರು. ಹಲಗೆ ತೆಳುವಾಗಿತ್ತು, ಉಸಿರು ಒಳಗೆ ಹೋಗುವುದೂ ಅರ್ಧ ದಾರಿಯಲ್ಲಿ ತಡವರಿಸಿ ಹೊರಬರುವುದೂ ಬೇರೆ ಬೇರೆಯಾಗಿ ಕೇಳುತ್ತಿತ್ತು.

“ಈ ನೆಲ ಹಾಸಿದೋನು ಯಾರು ಮೇಡಂ?”

“ಗೊತ್ತಿಲ್ವಲ್ಲ. ಯಾಕೆ?”

“ಹಾಸುವಾಗ ಅವನಿಗೆ ತೂಕಡಿಕೆ ಬಂದಿತ್ತು ಅನ್ಸುತ್ತೆ. ಆ ಮೂಲೆಯಿಂದ ಹೊರಟ ಗೆರೆ ನಿಮ್ಮ ಮೇಜಿನ ಹತ್ರ ಬರೋ ಹೊತ್ತಿಗೆ ಕುಡಿದೋನ ಥರ ವಾಲಿದೆ ನೋಡಿ.”

ಆಕೆ ನಕ್ಕಳು. ಅವನೂ ಈಚೆ ಕೂತು ತುಟಿಯಂಚಿನಲ್ಲಿ ನಕ್ಕ. ಸರಿಯಾಗಿ ನಡೆಯುತ್ತಿದೆ ಎನಿಸಿತು.

“ಮೆಟ್ಟಿಲು ಹತ್ತೋಕೆ ಆಗುತ್ತಾ?”

“ಮನೆ ಇರೋದೇ ಮೇಲೆ. ಹತ್ತದೆ ಎಲ್ಲಿಗೆ ಹೋಗ್ಲಿ?”

“ಆಗುತ್ತಾ ಅಂತ ಕೇಳಿದ್ದು.”

ಅಣ್ಣ ಸುಮ್ಮನಾದ. ಸಣ್ಣ ಮೇಡಂ ಕೂಡ ಸುಮ್ಮನಾದಳು. ಕಲಿಸಿದ ಪಾಠ ಮರೆತಿರಲಿಲ್ಲ. ಗೋಡೆಯ ಈಚೆಗೂ ಅದೇ ಮೌನ ಹರಿದು ಬಂದು ಮೂವರ ನಡುವೆ ನಿಂತಿತು. ಪಾಪ, ಮೂರನೆಯವನೊಬ್ಬ ಇದ್ದಾನೆಂದು ಆ ಇಬ್ಬರಿಗೆ ಗೊತ್ತಿರಲಿಲ್ಲ.

“ನಡುವೆ ಕೂತ್ಕೋತೀನಿ,” ಎಂದ ಅಣ್ಣ ಕೊನೆಗೆ. ದನಿ ಇಳಿದಿತ್ತು. “ಮೆಟ್ಟಿಲ ಮೇಲೇ. ಯಾರಾದ್ರೂ ಬಂದ್ರೆ ಚಪ್ಪಲಿ ಸರಿ ಮಾಡ್ಕೊಳ್ಳೋ ಥರ ಬಗ್ಗಿರ್ತೀನಿ. ಅವರು ಹೋದ್ಮೇಲೆ ಮತ್ತೆ ಏಳ್ತೀನಿ.”

“ರಾತ್ರಿ ನಿದ್ದೆ?”

“ಮಲಗಲ್ಲ ಮೇಡಂ. ಮಲಗಿದ್ರೆ ಎದೆ ಮೇಲೆ ಚಪ್ಪಡಿ ಹೇರಿದ ಹಾಗಾಗುತ್ತೆ. ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಇವಳಿಗೆ ಎಚ್ಚರ ಆದ್ರೆ ಸೆಕೆ ಅಂತೀನಿ. ಚಳಿಗಾಲದಲ್ಲೂ ಸೆಕೆ ಅಂದೆ. ನಂಬಿದಳೋ, ನಂಬಿದ ಹಾಗೆ ಮಾಡಿದಳೋ.”

“ಸ್ನಾನ ಎಲ್ಲ ನೀವೇ ಮಾಡ್ಕೋತೀರಾ?”

ಅಣ್ಣನ ಕುರ್ಚಿ ಕಿರುಗುಟ್ಟಿತು.

“ಕೈ ಎತ್ತಿದ್ರೆ ಉಸಿರು ಸಿಗಲ್ಲ. ಹೋದ ವಾರ ಬಚ್ಚಲಲ್ಲಿ ಕೂತು ಅತ್ತೆ. ಯಾರಿಗೂ ಹೇಳಿಲ್ಲ ಇದನ್ನ. ಸಾಯೋ ಭಯಕ್ಕೆ ಅತ್ತಿದ್ದಲ್ಲ ಮೇಡಂ. ಚಪ್ಪಡಿ ಎತ್ತಿದ ಕೈ ಇದು, ಒಂದು ಚೊಂಬು ನೀರು ತಲೆ ತನಕ ಹೋಗ್ಲಿಲ್ವಲ್ಲ ಅಂತ.”

ಈಚೆ ಕೂತವನ ಗಂಟಲಲ್ಲಿ ಏನೋ ಕಟ್ಟಿತು. ನುಂಗಿದ. ಅದು ಇಳಿಯಲಿಲ್ಲ. ಮತ್ತೆ ನುಂಗಿದ. ಕೈಯಿಂದ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಗಂಟಲು ತನ್ನಷ್ಟಕ್ಕೆ ತಾನೇ ಎರಡು ಸಲ ಒತ್ತಿ ಸದ್ದು ಮಾಡಿತು. ಕೆಮ್ಮಲ್ಲ, ಬಿಕ್ಕಳಿಕೆಯಲ್ಲ, ಯಾರೋ ಹಳೆಯ ಬಾಗಿಲನ್ನು ಮೆಲ್ಲನೆ ಒದ್ದ ಹಾಗೆ. ಚಿಕ್ಕಂದಿನಿಂದಲೂ ಅಳು ಬರುವ ಮೊದಲು ಅವನ ಗಂಟಲು ಹಾಗೆ ಮಾಡುತ್ತಿತ್ತು. ಆ ಸದ್ದಿಗೆ ಹಾಸಿಗೆಯಿಂದ ಎದ್ದು ಬಂದು ಬೆನ್ನು ಸವರಿದವನು, ಎಷ್ಟೋ ವರ್ಷ, ಅಣ್ಣನೇ.

ಆಚೆ ಏನೂ ಕೇಳಲಿಲ್ಲ. ಅಣ್ಣನ ಉಸಿರು ಕೂಡ. ಹಿಡಿದಿಟ್ಟುಕೊಂಡಿದ್ದಾನೆ ಎಂದು ಅವನಿಗೆ ಗೊತ್ತಾಯಿತು. ಉಸಿರು ಹಿಡಿಯಲಾಗದ ಮನುಷ್ಯ ಉಸಿರು ಹಿಡಿದು ಕೂತಿದ್ದಾನೆ.

“ಯಾಕೆ, ಏನಾಯ್ತು?” ಎಂದಳು ಸಣ್ಣ ಮೇಡಂ. “ಹೇಳಿ, ಪರವಾಗಿಲ್ಲ.”

“ಏನಿಲ್ಲ.” ಅಣ್ಣನ ದನಿ ಎತ್ತರವಾಗಿತ್ತು. ಕೆಲಸದ ಜಾಗದಲ್ಲಿ ಆಳುಗಳನ್ನು ಕರೆಯುವ ದನಿ. “ಅದೆಲ್ಲ ಸ್ವಲ್ಪ ಹಿಂದಿನ ಮಾತು ಮೇಡಂ. ಈಗ ವಾಸಿ. ಬಹಳ ವಾಸಿ.”

“ಹೋದ ವಾರ ಅಂದ್ರಿ.”

“ನೆಗಡಿ ಆಗಿತ್ತು. ಈಗ ಸ್ನಾನ ಊಟ ಎಲ್ಲ ನಾನೇ. ಮೆಟ್ಟಿಲೂ ಅಷ್ಟೇ, ಒಂದೇ ಉಸಿರಿಗೆ ಹತ್ತಿಬಿಡ್ತೀನಿ. ಸುಮ್ನೆ ಮನೇಲಿ ಕೂತ್ರೆ ಹೀಗೇ, ಇಲ್ಲದ್ದೆಲ್ಲ ತಲೆಗೆ ಬರುತ್ತೆ.”

“ನೀವು ಮೊದಲು ಹೇಳಿದ್ದು…”

“ಕರುಣೆ ಬರ್ಲಿ ಅಂತ ಸ್ವಲ್ಪ ಮಸಾಲೆ ಹಾಕಿದೆ. ತಪ್ಪು ನಂದೇ. ಈಗ ಹೇಳ್ತಾ ಇರೋದನ್ನ ಬರ್ಕೊಳ್ಳಿ.”

ಹೊರಡುವಾಗ ಅಣ್ಣ ಬೇಕೆಂದೇ ಹೆಜ್ಜೆ ಸದ್ದು ಮಾಡುತ್ತಾ ನಡೆದ. ಗಟ್ಟಿಮುಟ್ಟಾದವನ ಹೆಜ್ಜೆ. ಹಲಗೆ ಗೋಡೆ ದಾಟುವವರೆಗೂ ಅದು ಹಾಗೇ ಇತ್ತು. ಆಮೇಲೆ ಹಾಲ್‌ನ ಗದ್ದಲದಲ್ಲಿ ಏನಾಯಿತೋ ಅವನಿಗೆ ಕೇಳಲಿಲ್ಲ.

ಊಟದ ಹೊತ್ತಿಗೆ ಸಣ್ಣ ಮೇಡಂ ಡಬ್ಬಿ ಹಿಡಿದು ಬಂದಳು. ಆಗ ಬಾಗಿಲ ಚಿಲಕ ತೆಗೆದಾಗಿತ್ತು.

“ಮೇಷ್ಟ್ರೇ, ನೀವು ಇಲ್ಲೇ ಇದ್ರಾ?”

“ಈಗ ಬಂದೆ.”

“ನಿಮ್ಮ ಅಣ್ಣನ ವಿಷಯ ನಿಮ್ಮ ಹತ್ರ ಮಾತಾಡಬಾರದು, ಗೊತ್ತು. ಸುಮ್ನೆ ಪಾಠದ ಪ್ರಶ್ನೆ ಅಂತ ಕೇಳ್ತೀನಿ. ಒಬ್ಬರು ಮೊದಲು ಒಂದು ಹೇಳಿ, ಮಧ್ಯದಲ್ಲಿ ಇದ್ದಕ್ಕಿದ್ದ ಹಾಗೆ ಮಾತು ತಿರುಗಿಸಿಬಿಟ್ರೆ, ಯಾವುದನ್ನ ಹಿಡಿಯೋದು?”

ಆ ಪ್ರಶ್ನೆ ಮೇಜಿನ ಮೇಲೆ ಅವರಿಬ್ಬರ ನಡುವೆ ಡಬ್ಬಿಯ ಪಕ್ಕದಲ್ಲೇ ಕೂತಿತ್ತು. ಹೇಳಬಹುದಿತ್ತು. ಮೊದಲಿನದೇ ನಿಜ, ಮಾತು ತಿರುಗುವ ಹಾಗೆ ಮಾಡಿದವನು ನಾನು ಎಂದರೆ ಸಂದರ್ಶನ ರದ್ದಾಗುತ್ತಿತ್ತು, ಅಣ್ಣನಿಗೆ ಇನ್ನೊಂದು ಸರದಿ ಸಿಗುತ್ತಿತ್ತು, ತನ್ನ ಮೇಲೆ ವಿಚಾರಣೆ ನಡೆಯುತ್ತಿತ್ತು. ವಿಚಾರಣೆಗೆ ಅವನು ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದೊಂದೇ ಆಗಿದ್ದರೆ ಬಾಯಿ ಬಿಡುತ್ತಿದ್ದನೇನೋ. ಅಣ್ಣ ಮುಚ್ಚಿಟ್ಟದ್ದನ್ನು ಕಚೇರಿಯವರ ಮುಂದೆ ಬಿಚ್ಚುವ ಬಾಯಿ ತನ್ನದಾಗಬೇಕೆ ಎಂಬಲ್ಲಿ ನಾಲಗೆ ಅಂಟಿಕೊಂಡಿತು.

“ಎರಡನ್ನೂ ಬರೀರಿ,” ಎಂದ.

“ಎರಡೂ ಬರೆದ್ರೆ ಸಾಹೇಬರು ಕೊನೇದನ್ನೇ ಲೆಕ್ಕಕ್ಕೆ ತಗೋತಾರೆ.”

“ಹೂಂ. ತಗೋತಾರೆ.”

ಆಕೆ ಸ್ವಲ್ಪ ಹೊತ್ತು ಕಾದಳು, ಮೌನದ ಹಿಂದೆ ಏನಾದರೂ ಬರಬಹುದೆಂದು. ಬರಲಿಲ್ಲ. ಡಬ್ಬಿ ಎತ್ತಿಕೊಂಡು ಹೋದಳು.

ಸಂಜೆ ಅಣ್ಣನ ಮನೆಗೆ ಹೋದ. ಅತ್ತಿಗೆ ಬಾಗಿಲಲ್ಲೇ ಹಿಡಿದಳು.

“ಬಂದೆಯಾ, ಬಾ. ನಿಮ್ಮ ಅಣ್ಣ ಒಳಗೆ ಏನು ಬಣ್ಣ ಬಳಿದು ಬಂದ್ರೋ ಕೇಳು. ನನಗಂತೂ ‘ಸಲೀಸಾಯ್ತು’ ಅಂತ ಒಂದೇ ಮಾತು. ಸಲೀಸಾದೋರು ಆ ಹಾಲ್ ದಾಟಿದ್ದೇ ತಡ ಕಂಬ ಹಿಡ್ಕೊಂಡು ಯಾಕೆ ನಿಂತ್ರು?”

“ಕಂಬದ ಕಲ್ಲು ನೋಡ್ತಾ ಇದ್ದೆ ಕಣೇ,” ಎಂದ ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಿಂದ. “ಕಸುಬಿನೋನು ಕಲ್ಲು ನೋಡಬಾರದಾ?”

“ನೋಡಿ ನೋಡಿ. ನಿಮ್ಮನ್ನ ಕಟ್ಟಿಕೊಂಡಾಗಿನಿಂದ ನಾನೂ ಒಂದು ಕಲ್ಲು ನೋಡ್ತಾನೇ ಇದೀನಿ,” ಎಂದು ಅತ್ತಿಗೆ ಟೀ ಕಾಸಲು ಒಳಗೆ ಹೋದಳು.

ಅವನು ಅಣ್ಣನ ಎದುರು ಕೂತ. ಇಬ್ಬರೂ ಕಿಟಕಿಯಾಚೆ ನೋಡಿದರು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಚೈನು ಸರಿಮಾಡುತ್ತಾ ಅದಕ್ಕೇ ಬೈಯುತ್ತಿದ್ದ.

“ಆ ಮೇಡಂ ಒಳ್ಳೆ ಹುಡುಗಿ,” ಎಂದ ಅಣ್ಣ. “ನೀನೇ ಕೆಲಸ ಕಲಿಸಿದ್ದಂತಲ್ಲ.”

“ಹೂಂ.”

“ನೀನು ಬೇರೆ ಕಡೆ ಹೋಗಿದ್ದೆ ಅಲ್ವಾ ಇವತ್ತು?”

“ಹೂಂ.”

“ಹೂಂ,” ಎಂದ ಅಣ್ಣನೂ.

ಅತ್ತಿಗೆ ಟೀ ತಂದಳು. ಕುಡಿದು ಎದ್ದ. ಮೆಟ್ಟಿಲಿಳಿಯುವಾಗ ಯಾವ ಮೆಟ್ಟಿಲ ಮೇಲೆ ಅಣ್ಣ ಕೂರುತ್ತಾನೋ ಎಂದು ಒಂದೊಂದನ್ನೂ ನೋಡುತ್ತಾ ಇಳಿದ.

ತೀರ್ಮಾನ ಬಂತು. ಕೂತು ಮಾಡುವ ಹಗುರ ಕೆಲಸಕ್ಕೆ ಅರ್ಜಿದಾರ ಯೋಗ್ಯ. ಆದ್ದರಿಂದ ಕಾರ್ಡ್ ಇಲ್ಲ. ಉದ್ಯೋಗ ವಿಭಾಗಕ್ಕೆ ಹೋಗತಕ್ಕದ್ದು. ಅಣ್ಣ ಮರುಮಾತಾಡದೆ ಅದೇ ಹಾಲ್‌ನ ಎಡಕ್ಕೆ ಹೋದ. ಅವರು ಒಂದು ಸರ್ಕಾರಿ ಗ್ರಂಥಾಲಯದ ಬಾಗಿಲಲ್ಲಿ, ಓದಲು ಬಂದವರ ಚೀಲ ಇಸಿದುಕೊಂಡು ಕಾಯುವ ಕೆಲಸ ಕೊಟ್ಟರು. ಆ ಕೆಲಸಕ್ಕೂ ಆಸ್ಪತ್ರೆಯ ವಿಮೆ ಇತ್ತು. ಆದರೆ ಮೊದಲೇ ಇದ್ದ ಕಾಯಿಲೆಗೆ ಅದು ಕೆಲಸಕ್ಕೆ ಸೇರಿದ ಒಂದು ವರ್ಷದ ಮೇಲೆಯೇ ಅನ್ವಯ. ಶ್ವಾಸಕೋಶಕ್ಕೆ ಈ ನಿಯಮವನ್ನು ತಿಳಿಸಿ ಹೇಳುವವರು ಯಾರು?

ಒಂದು ಮಧ್ಯಾಹ್ನ ಅವನು ರಜೆ ಹಾಕಿ ಗ್ರಂಥಾಲಯದ ಎದುರಿನ ರಸ್ತೆಯಲ್ಲಿ ನಿಂತು ನೋಡಿದ. ಗಾಜಿನ ಬಾಗಿಲ ಆಚೆ ಅಣ್ಣ ಎತ್ತರದ ಸ್ಟೂಲಿನ ಮೇಲೆ ಕೂತಿದ್ದ, ಬೆನ್ನ ಹಿಂದೆ ಚೀಲ ಇಡುವ ಗೂಡುಗಳು. ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ತುಂಬಿದ ಚೀಲ ಚಾಚಿದಳು. ಅಣ್ಣ ಅದನ್ನು ಮುಟ್ಟದೆ ಏನೋ ಹೇಳಿ ನಗಿಸಿದ, ಹುಡುಗಿ ತಾನೇ ಹೋಗಿ ಗೂಡಿನಲ್ಲಿಟ್ಟಳು. ಆಮೇಲೆ ಬಂದ ಮುದುಕರಿಗೂ ಹಾಗೇ. ಸಾಲು ಮುಗಿದಾಗ ಅಣ್ಣ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೇಜಿನ ಮೇಲೆ ಎರಡೂ ಮೊಣಕೈ ಊರಿ, ಭುಜ ಮೇಲೆತ್ತಿ ಉಸಿರು ಎಳೆದುಕೊಂಡ. ನೀರಿನಿಂದ ತಲೆ ಎತ್ತಿದವನ ಹಾಗೆ. ಅವನು ರಸ್ತೆ ದಾಟಲಿಲ್ಲ.

ಕೆಲವು ದಿನಗಳ ಮೇಲೆ ಅತ್ತಿಗೆ ಕಚೇರಿಯ ಹೊರಗೆ ಟೀ ಅಂಗಡಿಯ ಬಳಿ ಕಾದಿದ್ದಳು. ಮಾತಿನಲ್ಲಿ ಮೊದಲಿನ ಚುರುಕಿರಲಿಲ್ಲ.

“ಗೂಡಿಗೆ ಚೀಲ ಇಡೋಕೆ ಆಗ್ದೆ, ‘ನಿಮ್ಮ ಚೀಲ ನೀವೇ ಇಡಿ, ಆಮೇಲೆ ಏನಾದ್ರೂ ಕಳೆದ್ರೆ ನನ್ನ ಮೇಲೆ ಅನುಮಾನ ಬರಬಾರದು’ ಅಂತ ತಮಾಷೆ ಮಾಡ್ತಾರಂತೆ. ಅಲ್ಲಿನ ಗುಡಿಸೋ ಹೆಂಗಸು ಹೇಳಿದಳು. ಮೊನ್ನೆ ಅಲ್ಲೇ ಕುಸಿದು ಕೂತಿದಾರೆ. ತುಟಿ ಎಲ್ಲ ನೀಲಿ. ಮನೆಗೆ ಬಂದು, ಪೆನ್ನಿನ ಇಂಕು ತಾಗಿತು ಅಂದ್ರು ಕಣಪ್ಪ. ನಾನು ನಗಲೋ ಅಳಲೋ.”

“ಮೇಲ್ಮನವಿ ಹಾಕಬಹುದು ಅತ್ತಿಗೆ. ಮತ್ತೆ ಸಂದರ್ಶನ ಮಾಡ್ತಾರೆ. ಇನ್ನೂ ಕಾಲ ಮೀರಿಲ್ಲ.”

“ಅದನ್ನೇ ಹೇಳೋಕೆ ಬಂದೆ. ದಿನಾ ಗೋಗರೀತೀನಿ. ಅವರದು ಒಂದೇ ಪ್ರಶ್ನೆ. ಸಂದರ್ಶನ ಎಲ್ಲಿ? ಅದೇ ಹಾಲ್‌ನಲ್ಲಿ ಅಂತೀನಿ. ತಮ್ಮ ಇನ್ನೂ ಅಲ್ಲೇ ಇದಾನಾ ಅಂತಾರೆ. ಇದಾನೆ ಅಂತೀನಿ. ಹಾಗಾದ್ರೆ ಬೇಡ. ಅಷ್ಟೇ. ತಮ್ಮನ ನೌಕರಿಗೆ ಎಲ್ಲಿ ಕೆಟ್ಟ ಹೆಸರು ಬರುತ್ತೋ ಅಂತ ಇರಬೇಕು. ನೀನೇ ಬಂದು ಹೇಳು. ನಿನ್ನ ಮಾತು ಅಂದ್ರೆ ಕೇಳ್ತಾರೆ.”

ಅತ್ತಿಗೆಗೆ ಅರ್ಥವಾಗದ್ದು ಅವನಿಗೆ ಅಲ್ಲೇ, ಟೀ ಲೋಟ ಕೈಯಲ್ಲಿರುವಾಗಲೇ ಅರ್ಥವಾಯಿತು. ಹೋಗಿ ಹೇಳಿದರೆ ಏನೆಂದು ಹೇಳುವುದು? ಈ ಸಲ ನಿಜವಾಗಿಯೂ ಇರುವುದಿಲ್ಲ ಎಂದರೆ, ಹೋದ ಸಲ ಇದ್ದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಒಪ್ಪಿಕೊಂಡರೆ ಬಚ್ಚಲಿನ ಮಾತು ಕೇಳಿಸಿಕೊಂಡೆ ಎಂದೂ ಆಗುತ್ತದೆ. ಅದನ್ನು ಕೇಳಿಸಿಕೊಂಡ ತಮ್ಮನ ಮುಖವನ್ನು ಅಣ್ಣ ಇನ್ನು ಹೇಗೆ ನೋಡಬೇಕು? ತಾನಾದರೂ ಆ ಮುಖವನ್ನು ಎಲ್ಲಿಗೆ ಒಯ್ಯಬೇಕು?

“ನೋಡ್ತೀನಿ ಅತ್ತಿಗೆ,” ಎಂದ.

ಮರುದಿನ ಸಾಹೇಬರ ಬಳಿ ಹೋಗಿ ವರ್ಗಾವಣೆ ಕೇಳಿದ. ಊರಿನ ಆ ತುದಿಯಲ್ಲಿ ಇಲಾಖೆಯ ಹಳೆಯ ಕಡತಗಳ ಉಗ್ರಾಣವೊಂದಿತ್ತು. ಮೇಲಿನವರ ಸಿಟ್ಟಿಗೆ ಗುರಿಯಾದವರನ್ನು ಕಳಿಸುವ ಜಾಗ ಅದು.

“ಯಾರೂ ಕೇಳಿ ಹೋಗೋ ಜಾಗ ಅಲ್ಲ ಕಣ್ರೀ ಅದು,” ಎಂದರು ಸಾಹೇಬರು ಕನ್ನಡಕ ತೆಗೆದು. “ಇಲಿಗಳಿಗೆ ಪಾಠ ಹೇಳ್ತೀರಾ?”

“ಸಾಕಾಗಿದೆ ಸರ್. ಜನರ ಮಾತು ಕೇಳಿ ಕೇಳಿ.”

ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಸಾಹೇಬರು ಸಹಿ ಹಾಕಿದರು. ಕೊನೆಯ ದಿನ ಸಣ್ಣ ಮೇಡಂ ಅವನ ಕೋಣೆಯ ಬಾಗಿಲಿಗೆ ಒರಗಿ ನಿಂತು, ಹಲಗೆ ಗೋಡೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದಳು. ಎಷ್ಟು ತೆಳು ಎಂದು ನೋಡಿದಂತಿತ್ತು. ಏನೂ ಕೇಳಲಿಲ್ಲ. ಒಳ್ಳೆಯ ಶಿಷ್ಯೆ.

ಭಾನುವಾರ ಅಣ್ಣನ ಮನೆಯಲ್ಲಿ ವಿಷಯ ಹೇಳಿದ.

“ವರ್ಗ ಆಯ್ತು ಅಣ್ಣ. ಉಗ್ರಾಣಕ್ಕೆ.”

ಅತ್ತಿಗೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. “ಅಯ್ಯೋ, ಯಾಕಂತೆ? ಏನು ಮಾಡಿದೆ ನೀನು?”

“ಏನಿಲ್ಲ. ಅಲ್ಲಿ ಜನ ಸಾಲದಂತೆ.”

ಅಣ್ಣ ಅವನನ್ನೇ ನೋಡಿದ. ಬಹಳ ದಿನಗಳ ಮೇಲೆ ನೇರವಾಗಿ ನೋಡಿದ್ದು. ಕಣ್ಣ ಕೆಳಗೆ ಕಪ್ಪಾಗಿತ್ತು, ಕತ್ತಿನ ನರಗಳು ಉಸಿರಿಗೊಮ್ಮೆ ಎದ್ದು ಕಾಣುತ್ತಿದ್ದವು.

“ದೂರಾನಾ?”

“ಎರಡು ಬಸ್ಸು ಹಿಡೀಬೇಕು.”

“ಮಧ್ಯೆ ಮಧ್ಯೆ ಹಳೇ ಆಫೀಸಿಗೆ ಬರೋದು ಏನಾದ್ರೂ ಇರುತ್ತಾ?”

“ಇಲ್ಲ ಅಣ್ಣ. ಬರೋ ಹಾಗೇ ಇಲ್ಲ.”

ಅಣ್ಣ ತಲೆದೂಗಿದ. ಕಿಟಕಿಯ ಕಡೆ ತಿರುಗಿ ಬೀದಿ ನೋಡುತ್ತಾ ಕೂತ. ಆ ವಾರ ಕಳೆಯುವುದರೊಳಗೆ ಅತ್ತಿಗೆಯ ಫೋನು ಬಂತು. ಮೇಲ್ಮನವಿ ಹಾಕಿ ಬಂದರಂತೆ, ತಾವಾಗಿಯೇ ಎದ್ದು ಹೊರಟರಂತೆ. ಯಾವ ದೇವರು ಬುದ್ಧಿ ಕೊಟ್ಟನೋ ಎಂದಳು.

ಸಂದರ್ಶನದ ದಿನ ಅವನು ಉಗ್ರಾಣದಲ್ಲಿ, ಛಾವಣಿಯವರೆಗೆ ಪೇರಿಸಿದ ಕಟ್ಟುಗಳ ನಡುವೆ ಕೂತಿದ್ದ. ದೂಳಿಗೆ ಗಂಟಲು ಕೆರೆಯುತ್ತಿತ್ತು. ಎಷ್ಟು ಬೇಕಾದರೂ ಕೆಮ್ಮಬಹುದಿತ್ತು, ಗಂಟಲು ಎಷ್ಟು ಬೇಕಾದರೂ ಸದ್ದು ಮಾಡಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಅಣ್ಣ ಈಗ ಒಳಗೆ ಹೋಗಿರಬೇಕು, ಈಗ ಮೆಟ್ಟಿಲಿನ ಮಾತು ಬಂದಿರಬೇಕು ಎಂದುಕೊಳ್ಳುತ್ತಾ ಒಂದೇ ಕಡತವನ್ನು ಮಧ್ಯಾಹ್ನದವರೆಗೂ ಕೈಯಲ್ಲಿ ಹಿಡಿದಿದ್ದ.

“ಬೆಂಚಿನ ಮೇಲೆ ಕೂತು ಕೂತು ನನಗೇ ಸೊಂಟ ಹಿಡೀತು,” ಎಂದಳು ಅತ್ತಿಗೆ ಸಂಜೆ ಫೋನಿನಲ್ಲಿ. “ಅಷ್ಟು ಹೊತ್ತು ಒಳಗಿದ್ರು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಏನ್ ಹೇಳಿದ್ರಿ ಅಂದ್ರೆ, ಆ ಮೇಡಂಗೆ ಕಲ್ಲು ಹಾಸೋದು ಹೇಗೆ ಅಂತ ಹೇಳಿಕೊಟ್ಟೆ ಅಂತಾರೆ.”

ಕಾರ್ಡ್ ಬಂತು. ಯಂತ್ರವನ್ನೂ ಇಬ್ಬರು ಹೊತ್ತು ತಂದು ಕಿಟಕಿಯ ಪಕ್ಕದಲ್ಲಿಟ್ಟು ಹೋದರು. ಆದರೆ ನಡುವೆ ಒಂದು ಚಳಿಗಾಲ ಕಳೆದುಹೋಗಿತ್ತು. ಆಸ್ಪತ್ರೆಯ ವೈದ್ಯರು ಎದೆಯ ಹೊಸ ಎಕ್ಸ್‌ರೇಯನ್ನೂ ಹಳೆಯದನ್ನೂ ಬೆಳಕಿಗೆ ಹಿಡಿದು, ಸ್ವಲ್ಪ ಮೊದಲೇ ಶುರುವಾಗಿದ್ದರೆ ಇನ್ನೂ ಒಂದಷ್ಟು ಉಳಿಸಬಹುದಿತ್ತು ಎಂದರು. ಇನ್ನು ಮನೆಯ ಮೆಟ್ಟಿಲು ಇಳಿಯುವುದು ಬೇಡ, ಇಳಿದರೆ ಹತ್ತುವುದು ಕಷ್ಟ ಎಂದೂ ಹೇಳಿದರು. ಅತ್ತಿಗೆ ಇದನ್ನು ಹೇಳುವಾಗ ಯಾರನ್ನೂ ದೂರಲಿಲ್ಲ. ಸರ್ಕಾರಿ ಕೆಲಸ, ನಿಧಾನ, ಎಂದಳು.

ಭಾನುವಾರಗಳಲ್ಲಿ ಅವನು ಎರಡು ಬಸ್ಸು ಹಿಡಿದು ಹೋಗುತ್ತಿದ್ದ. ಅಣ್ಣ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದ. ಯಂತ್ರ ಒಂದೇ ಸಮ ಗುಂಯ್‌ಗುಡುತ್ತಿತ್ತು. ಅದರಿಂದ ಒಂದು ಅನುಕೂಲವೂ ಆಗಿತ್ತು: ಇಬ್ಬರೂ ಸುಮ್ಮನಿದ್ದರೂ ಕೋಣೆ ಸುಮ್ಮನಿರುತ್ತಿರಲಿಲ್ಲ.

“ಉಗ್ರಾಣ ಹೇಗಿದೆ?” ಎಂದು ಒಂದು ದಿನ ಅಣ್ಣ ಕೇಳಿದ.

“ದೂಳು.”

“ಮೂಗಿಗೆ ಬಟ್ಟೆ ಕಟ್ಟಿಕೋ. ನನ್ನ ಹಾಗೆ ಮಾಡಬೇಡ.” ನಾಲ್ಕು ಮಾತಿಗೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು. “ಯಾರೋ ಅದು, ನಿನ್ನನ್ನ ಅಷ್ಟು ದೂರ ಎತ್ತಿ ಹಾಕಿದ ಪುಣ್ಯಾತ್ಮ?”

“ಮೇಲಿನವರು.”

“ಅವರಿಗೆ ಒಳ್ಳೇದಾಗ್ಲಿ,” ಎಂದ ಅಣ್ಣ.

ಯಾವ ಅರ್ಥದಲ್ಲಿ ಅಂದನೋ ಮುಖದಿಂದ ಗೊತ್ತಾಗಲಿಲ್ಲ. ಆಮೇಲೆ ಕೊಳವೆ ಸರಿಮಾಡಿಕೊಂಡು, ಬೀದಿಯ ಆಚೆ ಕಟ್ಟುತ್ತಿದ್ದ ಹೊಸ ಮನೆಯ ಕಡೆ ಬೆರಳು ತೋರಿಸಿ, ಅವರು ನೆಲಕ್ಕೆ ತರಿಸಿದ ಕಲ್ಲು ಚೆನ್ನಾಗಿಲ್ಲ ಎಂದ. ಅವನು ಹೌದೆಂದ. ಅಣ್ಣ ಹೀಗೆ ಇನ್ನೆರಡು ವರ್ಷ ಬದುಕಿದ. ಆ ದಿನ ಹಲಗೆ ಗೋಡೆಯ ಈಚೆ ಕೂತಿದ್ದವನು ತಾನೇ ಎಂದು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.